ಒಣಗದ ಸೀರೆ

ಹೋದ ಆಷಾಢದಲ್ಲಿ ಕೊಲ್ಹಾಪುರದಿಂದ ಬೆಳಗಾವಿಗೆ ಮರಳುವಾಗ ನನ್ನ ಹಟಕ್ಕೆ ಮಣಿದು ಡ್ರೈವರ್ ಹೆದ್ದಾರಿ ಬಿಟ್ಟು ಗಡಹಿಂಗ್ಲಜದ ದಾರಿ ಹಿಡಿದ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಕುರಿಯ ಹಿಂಡೊಂದು ರಸ್ತೆ ತುಂಬಿಕೊಂಡು ಎದುರಾಯಿತು. ಜಿಟಿಜಿಟಿ ಮಳೆ. ಹಿಂಡಿನ ಹಿಂದೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಹೆಂಗಸರು, ಕುದುರೆಯ ಮೇಲೆ ಪಾತ್ರೆಪಗಡ, ಒಂದು ಕೋಳಿ. ನಾನು ಗಾಜು ಇಳಿಸಿದೆ. ಒದ್ದೆ ಕಂಬಳಿಯ ವಾಸನೆ ಕಾರಿನೊಳಗೆ ನುಗ್ಗಿತು.

"ಮ್ಯಾಡಮ್, ಗ್ಲಾಸ್ ಏರಸ್ರಿ, ನಾತ ಹೊಡ್ಯಾಕತ್ತೈತಿ," ಎಂದ ಡ್ರೈವರ್.

"ನಿನಗದು ನಾತಪ್ಪಾ. ನನಗ ಮೊದಲನೇ ನೌಕರಿದು ವಾಸನಿ," ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಹಿಂಡು ದಾಟುವವರೆಗೂ ನಾನು ಗಾಜು ಏರಿಸಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಹೆರಿಗೆ ಡಾಕ್ಟರ್ ಎಂಬ ಬಿರುದು ಹೊತ್ತು ಮನೆಯಲ್ಲಿ ಕೂತಿದ್ದೆ. ಅವ್ವನಿಗೆ ನನ್ನ ಮದುವೆಯ ಚಿಂತೆ, ನನಗೆ ಅವ್ವನಿಂದ ತಪ್ಪಿಸಿಕೊಳ್ಳುವ ಚಿಂತೆ. ಗಡಹಿಂಗ್ಲಜದಲ್ಲಿ ಸುನಂದಾಬಾಯಿ ಎಂಬ ಡಾಕ್ಟರ್ ತಮ್ಮ ಆಸ್ಪತ್ರೆಗೆ ಕನ್ನಡ ಬಲ್ಲ ಸಹಾಯಕಿಯನ್ನು ಹುಡುಕುತ್ತಿದ್ದಾರೆ ಎಂದು ತಿಳಿದಾಗ, ಊರು ನಕಾಶೆಯಲ್ಲಿ ಎಲ್ಲಿದೆ ಎಂದೂ ನೋಡದೆ ಟ್ರಂಕು ಕಟ್ಟಿದೆ. ಅಲ್ಲಿ ಇಳಿದ ಮೇಲೆ ತಿಳಿಯಿತು, ಬರುವ ಹೆಂಗಸರು ಮೂತಿ ನೋಡಿ ಭಾಷೆ ಬದಲಿಸುವವರು: ಬೇನೆಯನ್ನು ಮರಾಠಿಯಲ್ಲಿ ಹೇಳಿ, ಅತ್ತೆಯ ಕಾಟವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಡಾಕ್ಟರಮ್ಮನೆಂದರೆ ಬಾಯಿ: ಸುನಂದಾಬಾಯಿ ದೊಡ್ಡಬಾಯಿ, ನಾನು ಸಣ್ಣಬಾಯಿ. ವಿಮಲಾ ಎಂಬ ನನ್ನ ಹೆಸರು ಬೇಕಾಗಿದ್ದುದು ದೊಡ್ಡಬಾಯಿಯವರಿಗೆ ಮಾತ್ರ, ಅದೂ ಬೈಯುವುದಕ್ಕೆ.

ಬಾಯಿ ಇಚಲಕರಂಜಿಯ ಜೈನ ಮನೆತನದವರು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯೇ ಸಂಸಾರ. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲೇ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುವವರಲ್ಲ, ಹಾಗಾಗಿ ನಮ್ಮ ಆಪರೇಷನ್‌ಗಳೆಲ್ಲ ಸೂರ್ಯನನ್ನು ಕೇಳಿಕೊಂಡೇ ನಡೆಯುತ್ತಿದ್ದವು. ಆಸ್ಪತ್ರೆಯ ಪ್ರತಿ ನಳದ ಬಾಯಿಗೂ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಸೋಸದ ನೀರನ್ನು ಕುಡಿಯುವುದಿರಲಿ, ಕೈ ತೊಳೆಯಲೂ ಬಳಸುತ್ತಿರಲಿಲ್ಲ. ಆಪರೇಷನ್‌ಗೆ ಮುಂಚೆ ಕೈ ತೊಳೆಯುವ ನಳಕ್ಕೆ ಮಾತ್ರ ಬಟ್ಟೆಯನ್ನು ತಾವೇ ಒಗೆದು, ತಾವೇ ಕಟ್ಟುತ್ತಿದ್ದರು. ಹೊರಗೆ ಹೋದಾಗ ಮನೆಯಿಂದ ತಂದ ತಾಮ್ರದ ತಂಬಿಗೆಯ ನೀರು ಬಿಟ್ಟರೆ ಬೇರೆ ನೀರು ಮುಟ್ಟುತ್ತಿರಲಿಲ್ಲ.

ಆ ವರ್ಷ ಅವರು ಮುಂಬೈಗೆ ಹೋಗಿ ಹೊಸ ವಿದ್ಯೆ ಕಲಿತು, ಉಪಕರಣವನ್ನೂ ಕೊಂಡು ತಂದಿದ್ದರು. ಹೊಟ್ಟೆ ಕೊಯ್ಯದೆ, ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ಕೊಳವೆಯಂಥ ದುರ್ಬೀನು ತೂರಿಸಿ ಒಳಗನ್ನು ನೋಡುವುದು, ಇನ್ನೊಂದರಲ್ಲಿ ಕೆಲಸ ಮಾಡುವುದು. ಸುತ್ತಲಿನ ಊರುಗಳಲ್ಲಿ ಮಕ್ಕಳಾಗದಂತೆ ಮಾಡುವ ಶಿಬಿರಗಳಿಂದ 'ದುರ್ಬೀನ ಆಪರೇಷನ್' ಎಂಬ ಮಾತು ಜನರಿಗೆ ಗೊತ್ತಿತ್ತು. ಬಾಯಿ ಅದರಲ್ಲೇ ಗಂಟು ತೆಗೆಯುವ, ಬೇನೆ ಗುಣಪಡಿಸುವ ಕೆಲಸಕ್ಕೂ ಕೈ ಹಾಕಿದ್ದರು. ಸುತ್ತ ನಾಲ್ಕು ತಾಲೂಕಿನಲ್ಲಿ ಅಂಥ ಧೈರ್ಯ ಮಾಡಿದವರು ಬೇರೆ ಯಾರೂ ಇರಲಿಲ್ಲ, ಅದನ್ನು ಹೇಳಿಕೊಳ್ಳುವ ಚಪಲ ಬಾಯಿಗಿಂತ ನನಗೇ ಹೆಚ್ಚಾಗಿತ್ತು.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಬಾಳವ್ವ ಬಂದಳು. ಗಡಿಯಾಚೆಯ ಹಳ್ಳಿಯ ಕುರುಬರ ಹೆಣ್ಣುಮಗಳು, ನನ್ನ ವಾರಿಗೆಯವಳು. ತಿಂಗಳು ತಿಂಗಳು ಎಡಗಡೆ ಕಿಬ್ಬೊಟ್ಟೆ ಹಿಂಡುವ ಬೇನೆ. ಹಿಂಡಿನ ಹಿಂದೆ ನಡೆಯುವಾಗ ಬಾಗಿ ಕೂತುಬಿಡುತ್ತಿದ್ದಳಂತೆ. ಗಂಡ ಸಿದ್ದಪ್ಪ ಕಂಬಳಿಯನ್ನು ಬಾಗಿಲಲ್ಲೇ ಕೊಡವಿ ಒಳಗೆ ಬಂದು ಹೇಳಿದ, "ಬಾಯಾರ, ದೊಡ್ಡ ಮಳಿ ಹತ್ತೂದ್ರಾಗ ನಮ್ಮ ಕುರಿ ಮೂಡಲಕ್ಕ ಹೊಂಡಬೇಕ್ರಿ. ಇಲ್ಲಿ ನೆನೆದ್ರ ಕಾಲ ಕೊಳೀತಾವ. ತಿಂಗಳಗಟ್ಟಲೆ ಮಲಗಸ್ತೀನಿ ಅಂದ್ರ ಆಗಂಗಿಲ್ರಿ."

ಬಾಯಿ ಪರೀಕ್ಷೆ ಮಾಡಿದರು. ಎಡ ಅಂಡಾಶಯದಲ್ಲಿ ಗಂಟು. ಹೊಟ್ಟೆ ಕೊಯ್ದರೆ ಅವಳು ಬಹುಕಾಲ ಭಾರ ಎತ್ತುವಂತಿಲ್ಲ, ಹಿಂಡು ಅಲ್ಲಿಯವರೆಗೆ ನಿಲ್ಲುವುದಿಲ್ಲ. ದುರ್ಬೀನಿನಲ್ಲಾದರೆ ವಾರದಲ್ಲಿ ನಡೆದಾಡಬಹುದು. ಬಾಯಿ ಒಪ್ಪಿಕೊಂಡರು. ಬಾಳವ್ವ ಅಡ್ಮಿಟ್ ಆದ ದಿನ ನಳ ನೋಡಿ ನಕ್ಕಿದ್ದಳು. "ನೀರಿಗೂ ಬಟ್ಟಿ ಉಡಸ್ತಾರೇನ್ರಿ ಇಲ್ಲಿ?" ಎಂದಳು. ಆ ನಗು ನೋಡಿ ನನಗೆ ಅವಳ ಮೇಲೆ ಮನಸ್ಸು ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಪಕ್ಕದ ಗೋಡೆಗೆ ಅಂಟಿಕೊಂಡಿತ್ತು. ಬಾಯಿ ವಿದ್ಯುತ್ತಿನ ಕಾವು ಕೊಡುವ ಸಲಾಕೆಯಿಂದ ಸುಡುತ್ತ, ಬಿಡಿಸುತ್ತ ಹೋದರು. ಅದೇ ಜಾಗದಲ್ಲಿ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಹಾದು ಹೋಗುತ್ತದೆ. ಪೆನ್ಸಿಲ್ಲಿಗಿಂತ ತೆಳ್ಳಗೆ, ಜೀವ ಇದೆ ಎಂದು ತೋರಿಸಲು ಆಗಾಗ ಎರೆಹುಳುವಿನ ಹಾಗೆ ಮಿಸುಕುತ್ತದೆ. ಹೆಂಗಸರ ಆಪರೇಷನ್ ಮಾಡುವವರಿಗೆಲ್ಲ ಅದೆಂದರೆ ಭಯ. ಕೆಲಸ ಮುಗಿದ ಮೇಲೆ ಅದು ಮಿಸುಕುವವರೆಗೂ ಕಾಯುವುದು ಬಾಯಿಯವರ ಪದ್ಧತಿ. ಅಂದೂ ಕಾದರು. ಮಿಸುಕಿತು. ನನಗೂ ದುರ್ಬೀನಿಗೆ ಕಣ್ಣು ಹಚ್ಚಲು ಕೊಟ್ಟು ತೋರಿಸಿದರು. ಹೊಕ್ಕಳ ಕೆಳಗೊಂದು, ಎಡಗಡೆ ಕಿಬ್ಬೊಟ್ಟೆಯಲ್ಲೊಂದು ಹೊಲಿಗೆ ಹಾಕಿದೆವು. ಹೊಲಿಗೆ ಬಿಚ್ಚಿಸಿಕೊಂಡು, ಬೇನೆ ಹೋಯಿತೆಂದು ಖುಷಿಪಡುತ್ತ ಬಾಳವ್ವ ಹಿಂಡಿನ ಹಿಂದೆ ಹೊರಟಳು. ಸಂತೆಯ ದಿನ ಬಂದು ತೋರಿಸಿ ಹೋಗಬೇಕೆಂದು ಬಾಯಿ ಹೇಳಿ ಕಳಿಸಿದರು.

ಸಂತೆಯ ದಿನ ಅವಳು ಬರಲಿಲ್ಲ. ಕಾಯಿಪಲ್ಲೆಗೆಂದು ಹೋದ ನನಗೆ ಸಿದ್ದಪ್ಪ ಸಿಕ್ಕ, ಟಗರು ಮಾರಲು ಬಂದಿದ್ದ. ಹಿಂಡು ಇನ್ನೂ ಸಂಕೇಶ್ವರದ ಕಡೆಗೇ ಇತ್ತು.

"ಬಾಳವ್ವ ಹೆಂಗದಾಳೋ? ಯಾಕ ಬರಲಿಲ್ಲ?"

"ಆರಾಮ ಅದಾಳ್ರಿ ಸಣ್ಣಬಾಯಾರ. ಬ್ಯಾನಿ ಇಲ್ಲ. ಸ್ವಲ್ಪ ಮೈ ಬೆಚ್ಚಗ ಆಗ್ತೈತಿ, ಈ ಮಳ್ಯಾಗ ಯಾರಿಗಾಗೂದಿಲ್ಲ? ಮತ್ತೇನಿಲ್ಲ, ಸೀರಿ ಒಂದು ಒಣಗವಲ್ದು ನೋಡ್ರಿ ಅಕಿದು."

ನಾನು ನಕ್ಕೆ. ನನ್ನ ಸೀರೆಯೂ ಒಣಗಿರಲಿಲ್ಲ. ಆ ಊರಿನಲ್ಲಿ ಆ ತಿಂಗಳು ಒಣಗಿದ ಬಟ್ಟೆ ಯಾರ ಮೈಮೇಲೂ ಇರುತ್ತಿರಲಿಲ್ಲ.

ಹೊತ್ತು ಮುಳುಗುವ ಮುನ್ನ ಬಾಯಿಯವರ ಊಟ. ಅವರಿಗೆ ಬಡಿಸುತ್ತ ಸಂತೆಯ ಸುದ್ದಿಯ ಜೊತೆ ಇದನ್ನೂ ತಮಾಷೆಯಾಗಿ ಹೇಳಿದೆ. ಬಾಯಿ ಕೈಯಲ್ಲಿನ ತುತ್ತನ್ನು ತಾಟಿಗೆ ಇಳಿಸಿದರು.

"ಎಲ್ಲಾರ ಸೀರಿ ಒಣಗವಲ್ದೋ, ಅಕಿದಷ್ಟ ಒಣಗವಲ್ದೋ?"

"ಮಳಿ ಎಲ್ಲಾರಿಗೂ ಒಂದ ಅಲ್ರಿ ಬಾಯಿ?"

"ಮಳಿ ಒಂದ. ಹಂಗಿದ್ರ ಹೆಂಡತಿ ಸೀರಿ ಸುದ್ದಿ ಅಂವ ನಿನಗ್ಯಾಕ ಹೇಳಿದಾ?" ಬಾಯಿ ಕೈ ತೊಳೆದು ಎದ್ದುಬಿಟ್ಟರು. ಅಂದು ಅವರ ಊಟ ಅಷ್ಟಕ್ಕೇ ಮುಗಿಯಿತು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಹಿರಣ್ಯಕೇಶಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಎರಡು ಕಡೆ ಕೇಳಿ, ಒಂದು ಕಡೆ ಕೆಸರಿನಲ್ಲಿ ಹೂತು, ಕೊನೆಗೆ ಒಂದು ದಿಬ್ಬದ ಮೇಲೆ ಬಿಡಾರ ಕಂಡಿತು. ತಗ್ಗಾದ ಗುಡಾರಗಳು, ಬಲೆಯೊಳಗೆ ಕುರಿಗಳು, ಎಲ್ಲದರ ಮೇಲೂ ಒದ್ದೆ ಕಂಬಳಿಯ ವಾಸನೆ. ಉಳಿದ ಹೆಂಗಸರು ಒಂದು ಗುಡಾರದಲ್ಲಿ ರೊಟ್ಟಿ ಬಡಿಯುತ್ತಿದ್ದರು. ಬಾಳವ್ವ ಮಾತ್ರ ದೂರದಲ್ಲಿ, ಕುದುರೆ ಕಟ್ಟಿದ ಮರದಡಿ ಒಬ್ಬಳೇ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಸೀರೆ ಸೊಂಟದಿಂದ ಕೆಳಗೆ ತೊಯ್ದಿತ್ತು.

"ಏನವಾ ಇದು?" ಎಂದರು ಬಾಯಿ.

"ಮಳಿರೀ," ಎಂದಳು, ನೆಲ ನೋಡುತ್ತ.

ಬಾಯಿ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಅವಳ ಎಡ ಸೊಂಟದ ಮೇಲೆ ಸೀರೆಯ ಮೇಲಿಂದಲೇ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. "ಮಳಿ ನೀರು ತಣ್ಣಗಿರ್ತೈತಿ, ವಿಮಲಾ," ಎಂದರು. ಸೀರೆ ಬೆಚ್ಚಗಿತ್ತು.

ಸೀರೆ ಸರಿಸಿ ನೋಡಿದರೆ ಕಿಬ್ಬೊಟ್ಟೆಯ ಆ ಸಣ್ಣ ತೂತು ಬಿಟ್ಟುಕೊಂಡಿತ್ತು. ಅದರ ಮೇಲೆ ಕಂಬಳಿ ಸುಟ್ಟ ಬೂದಿ ಒತ್ತಿದ್ದರು. ಬೂದಿಯನ್ನು ತೊಯಿಸಿಕೊಂಡು ತಿಳಿನೀರು ನಿಧಾನವಾಗಿ ಜಿನುಗುತ್ತಿತ್ತು. ಗಾಯದ ನೀರು, ತಾನಾಗಿ ನಿಲ್ಲುತ್ತದೆ ಎಂದಳು. ನೀರು ಕುಡಿದಷ್ಟೂ ಹೆಚ್ಚು ತೊಯ್ಯುತ್ತದೆಂದು ಕಂಡುಕೊಂಡು, ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಚಮಚೆಯಲ್ಲಿ ನೀರು ಕುಡಿಸಿದೆ, ಅವಳು ಬೇಡವೆಂದಷ್ಟೂ ಬೈದೆ.

ಆಸ್ಪತ್ರೆಯಲ್ಲಿ ಬಾಯಿ ಎರಡು ಪರೀಕ್ಷೆ ಮಾಡಿದರು. ಮೊದಲು ಕೆಳಗಿನಿಂದ ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ತುಂಬಿ, ತೂತಿನ ಮೇಲೆ ಬಿಳಿ ಬಟ್ಟೆಯ ಮಡಿಕೆ ಇಟ್ಟರು. ಬಟ್ಟೆ ತೊಯ್ದಿತು, ನೀಲಿಯಾಗಲಿಲ್ಲ. ಅಂದರೆ ಮೂತ್ರಕೋಶ ಒಡೆದಿಲ್ಲ. ಆಮೇಲೆ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಗುಳಿಗೆ ನುಂಗಿಸಿ ಕಾದೆವು. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯ ನಡುವೆ ಹಳದಿ ಕೆಂಪಿನ ಗುಂಡನೆಯ ಕಲೆ ಮೂಡಿತು. ಅಂದರೆ ಸೋರುತ್ತಿದ್ದುದು ಆ ತೆಳ್ಳನೆಯ ನಾಳವೇ. ಸುಟ್ಟದ್ದರ ಕಾವು ಅದರ ಗೋಡೆಗೂ ತಾಗಿ, ಅಂದು ಮಿಸುಕಿದ ನಾಳ ಕೆಲವು ದಿನಗಳ ಮೇಲೆ ಅಲ್ಲಿ ಜಾಳಾಗಿ ಬಾಯಿಬಿಟ್ಟಿತ್ತು. ನಮ್ಮಿಬ್ಬರ ಮುಖ ಬಿಳುಪೇರಿತು. ಸಿದ್ದಪ್ಪ ಮಾತ್ರ ಬಟ್ಟೆ ನೋಡಿ ಕೈಮುಗಿದ. ಅವರ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಅದೇ ಬಣ್ಣದ್ದು.

"ಬೀರಪ್ಪನ ಭಂಡಾರ್ರೀ! ಒಳಗಿಂದ ಬಂದೈತಿ! ಇನ್ನ ಚಿಂತಿಲ್ಲ ಬಿಡ್ರಿ."

ಬಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನಗೆ ನಗು ಬಂದುಬಿಟ್ಟಿತು, ಆಚೆ ಹೋಗಿ ನಕ್ಕು, ಅಲ್ಲೇ ಸ್ವಲ್ಪ ಅತ್ತೂ ಬಂದೆ.

ಕೊಲ್ಹಾಪುರದಲ್ಲಿ ಮೂತ್ರಪಿಂಡದ ಶಸ್ತ್ರಚಿಕಿತ್ಸೆ ಮಾಡುವ ದೇಶಪಾಂಡೆ ಸರ್ ಇದ್ದರು. ಅದೇ ದಿನ ಅವಳನ್ನು ಕರೆದುಕೊಂಡು ಹೊರಟೆವು. ನಿಪ್ಪಾಣಿ, ಕಾಗಲ ದಾಟಿದ ಮೇಲೆ ಗೋಕುಳ ಶಿರಗಾಂವದ ಕಾರ್ಖಾನೆಗಳ ಹೊಗೆ ಮಳೆಯಲ್ಲಿ ಏಳಲಾರದೆ ರಸ್ತೆಯ ಮೇಲೆಯೇ ಕೂತಿತ್ತು. ದೇಶಪಾಂಡೆ ಸರ್ ಬಾಳವ್ವನ ರಕ್ತನಾಳಕ್ಕೆ ಔಷಧಿ ಹಾಕಿಸಿ ಎಕ್ಸ್‌ರೇ ತೆಗೆಸಿದರು. ಎಡ ಮೂತ್ರಪಿಂಡ ಸ್ವಲ್ಪ ಊದಿತ್ತು, ಕೆಳಗಡೆ ಔಷಧಿ ನಾಳದಾಚೆ ಹರಡಿಕೊಂಡಿತ್ತು.

"ನಾಳ ಪೂರ್ತಿ ತುಂಡಾಗಿಲ್ಲ, ಅದೊಂದು ಪುಣ್ಯ," ಎಂದರು ಸರ್. "ಕೆಳಗಿಂದ ತೆಳ್ಳಗಿನ ನಳಿಗಿ ತೂರಸ್ತೀನಿ. ಅದು ಸುಟ್ಟ ಜಾಗ ದಾಟಿ ಮ್ಯಾಲ ಹೋತಂದ್ರ, ನಾಳ ಅದರ ಮ್ಯಾಲನ ಕೂಡ್ಕೋತದ. ದಾಟಲಿಲ್ಲಂದ್ರ ಹೊಟ್ಟಿ ಕೊಯ್ದು, ನಾಳ ಕತ್ತರಿಸಿ ಮೂತ್ರಕೋಶಕ್ಕ ಬ್ಯಾರೆ ಕಡೆ ಜೋಡಿಸಬೇಕು. ಸುಮ್ಮನ ಬಿಟ್ರ ಕಿಡ್ನಿ ಹೋಗ್ತದ." ಆಮೇಲೆ ದನಿ ತಗ್ಗಿಸಿ ಬಾಯಿಗೆ ಹೇಳಿದರು, "ನಿಮ್ಮ ಸಲಾಕಿ ಮ್ಯಾಲಿನ ಕರೆಂಟ್ ತಡಿಯೋ ಹೊದಿಕಿ ಎಲ್ಲೋ ಸೀಳಿರಬೇಕ್ರಿ, ಕರೆಂಟ್ ಅಲ್ಲಿಂದ ಹಾರೇದ. ಯಾರಿಗೂ ಆಗ್ತದ. ಪೇಷಂಟಿಗೆ ಗಾಯದಾಗ ನೀರು ತುಂಬೇದ ಅಂದ್ರ ಸಾಕು. ಉಗೀಚ ಕಶಾಲಾ? ಸುಮ್ಮನ ಯಾಕ ಬೇಕು?"

"ಹೊದಿಕಿ ಸೀಳಿತ್ತೋ ಇಲ್ಲೋ, ಹಿಡದ ಕೈ ನಂದು," ಎಂದರು ಬಾಯಿ. ನೇರವಾಗಿ ವಾರ್ಡಿಗೆ ಹೋಗಿ ಬಾಳವ್ವನ ಮಂಚದ ಪಕ್ಕದಲ್ಲಿ ನಿಂತರು. "ಬಾಳವ್ವಾ, ಕೇಳು. ನಿನ್ನ ಬ್ಯಾನಿ ತಗ್ಯಾಕ ಹೋಗಿ ನಾ ಒಳಗ ಉಚ್ಚಿ ಹರಿಯೋ ನಾಳ ಸುಟ್ಟೇನಿ. ಅದು ನಿನ್ನ ದೈವಲ್ಲ, ಮಳಿ ಅಲ್ಲ. ನನ್ನ ಕೈಲೆ ಆಗೇತಿ. ನೆಟ್ಟಗ ಮಾಡೂತನಕಾ ನಾ ಬಿಡೂದಿಲ್ಲ."

ಸಿದ್ದಪ್ಪ ಏನೋ ಸಮಾಧಾನದ ಮಾತಾಡಿದ. ಬಾಳವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಅಂದಿನಿಂದ ಅವಳು ದೊಡ್ಡಬಾಯಿಯ ಜೊತೆ ಒಂದು ಮಾತೂ ಆಡಲಿಲ್ಲ. ನುಂಗು ಎಂದದ್ದನ್ನು ನುಂಗಿದಳು, ಹೊರಳು ಎಂದ ಕಡೆ ಹೊರಳಿದಳು. ಮಾತು ಮಾತ್ರ ನನ್ನ ಹತ್ತಿರ.

ಮರುದಿನ ನಳಿಗೆ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ. ಮೊದಲು ಕಳಿಸಿದ ತಂತಿ ಸುಟ್ಟ ಜಾಗಕ್ಕೆ ಬಂದು ಮಡಚಿಕೊಂಡಿತು. ಮತ್ತೊಮ್ಮೆ ಕಳಿಸಿದರು, ಮತ್ತೂ ಮಡಚಿತು. ಹೊಟ್ಟೆ ಕೊಯ್ಯುವ ಸಾಮಾನು ಸಿದ್ಧ ಮಾಡಲು ಸಿಸ್ಟರಿಗೆ ಹೇಳಿಯೂ ಆಯಿತು. ಬಾಯಿ ಗೋಡೆಗೆ ಒರಗಿ ಕಣ್ಣುಮುಚ್ಚಿ ನಿಂತಿದ್ದರು, ತುಟಿ ಅಲುಗುತ್ತಿತ್ತು. ಸರ್ ಇನ್ನೂ ತೆಳ್ಳನೆಯ ತಂತಿ ತೆಗೆದು, ಹಿಂದೆ ಮುಂದೆ ಮೆಲ್ಲಗೆ ತಿರುವುತ್ತ ನಿಂತರು. ತಂತಿ ಸರ್‍ರನೆ ಮೇಲೆ ಹೋಯಿತು. ಅದರ ಮೇಲೆ ಎರಡೂ ತುದಿ ಕೊಕ್ಕೆಯಾಗಿದ್ದ ನಳಿಗೆ ಏರಿ ಕೂತಿತು. "ಝಾಲಂ, ಬಾಯಿ. ಆತು," ಎಂದರು. ಬಾಯಿ ಕಣ್ಣು ತೆರೆದು ಮೊದಲು ಕಿಟಕಿಯ ಕಡೆ ನೋಡಿದರು, ಹೊತ್ತು ಇನ್ನೂ ಇತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಬಾಳವ್ವನನ್ನು ನಮ್ಮ ಆಸ್ಪತ್ರೆಗೆ ಮರಳಿ ಕರೆತಂದ ಮೇಲೆ ನನ್ನ ಕೆಲಸವೆಂದರೆ ಬಟ್ಟೆ ನೋಡುವುದು. ಬಾಯಿ ತಮ್ಮ ಹಳೆಯ ಬಿಳಿ ಸೀರೆಗಳನ್ನು ಹರಿದು, ಕುದಿಸಿ, ಒಣಗಿಸಿ, ಒಂದು ಗಂಟು ಬಟ್ಟೆ ಮಾಡಿ ಕೊಟ್ಟಿದ್ದರು. ತೂತಿನ ಮೇಲಿಟ್ಟ ಬಟ್ಟೆಯಲ್ಲಿ ಒದ್ದೆಯ ಗುರುತು ಮೊದಲು ಅಂಗೈಯಷ್ಟಿತ್ತು. ಆಮೇಲೆ ರೂಪಾಯಿ ನಾಣ್ಯದಷ್ಟಾಯಿತು. ಜ್ವರ ಇಳಿಯಿತು. ಬಾಳವ್ವನೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಕಲಿತಳು. ಒಂದು ದಿನ ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ. "ಬಾಯಿ ಮ್ಯಾಲ ಭಾಳ ಸಿಟ್ಟೇನು?"

"ಸಿಟ್ಟಲ್ರಿ," ಎಂದಳು. ಬಟ್ಟೆ ಮಡಚುತ್ತ ತಡೆದು ತಡೆದು ಹೇಳಿದಳು. "ನಮ್ಮ ದೇವರ ಪೆಟ್ಟಿಗಿ ಕುದರಿ ಮ್ಯಾಲ ಹೇರೂದು ನನ್ನ ಕೆಲಸರಿ. ನಮ್ಮತ್ತಿ ಸಾಯೂಮುಂದ ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ಉಚ್ಚಿ ಸೋರೋ ಮೈಲೆ ಅದನ್ನ ಹೆಂಗ ಮುಟ್ಟಲಿ? ಮಳಿ ಅಂತ ಎಲ್ಲಾರಿಗೂ ಅಂದೆ. ನನಗ ಗೊತ್ತಿತ್ತಲ್ರಿ, ಅದಕ ದೂರ ಕುಂತೆ. ಈಗ ನೆಗೆಣಿ ಹೇರತಾಳ. ಹಿಂಗಽ ಉಳದ್ನಿ ಅಂದ್ರ ನಾ ಹಿಂಡಿನ ಹಿಂದ ಬರೋ ನಾಯಿಗಿಂತ ಕಡಿಮಿ." ಅವಳ ಪಾಲಿಗೆ ಮೂತ್ರಪಿಂಡ ಉಳಿಯುವುದಕ್ಕಿಂತ ಈ ಪೆಟ್ಟಿಗೆಯೇ ದೊಡ್ಡದಾಗಿತ್ತು. ನಾನು ಅದನ್ನು ಬಾಯಿಗೆ ಹೇಳಿದೆ.

ಇನ್ನೊಂದು ತೊಡಕಿತ್ತು. ನಳಿಗೆ ಒಳಗೆ ಕೆಲವು ವಾರ ಇರಬೇಕು, ಆಮೇಲೆ ಮರೆಯದೆ ತೆಗೆಯಬೇಕು. ಮರೆತರೆ ಅದರ ಮೇಲೆ ಕಲ್ಲು ಕಟ್ಟಿ ಹೊಸ ರಾಮಾಯಣ. ಹಿಂಡೋ ಮೂಡಲಕ್ಕೆ ಹೊರಟು ನಿಂತಿತ್ತು, ಅಥಣಿ ದಾಟಿದರೆ ಯಾರು ಹುಡುಕುವವರು? ಬಾಳವ್ವನನ್ನು ಬಿಟ್ಟು ಹಿಂಡು ಹೋಗಲಿ ಎಂದರೆ ಅವಳು ಒಲ್ಲೆ ಎಂದಳು. ಬಾಯಿ ಒಂದು ದಿನ ಯೋಚಿಸಿ, ನನ್ನನ್ನು ಕರೆದುಕೊಂಡು ಇಚಲಕರಂಜಿಯ ತವರಿಗೆ ಹೋದರು. ಕೇರಿ ತುಂಬ ಮಗ್ಗಗಳ ಖಟಪಟ. ಬಾಯಿಯ ಅಣ್ಣ ಜಿನ್ನಪ್ಪಣ್ಣ ನೂಲಿನ ವ್ಯಾಪಾರಿ, ಊರ ಹೊರಗೆ ಹೊಲವೂ ಇತ್ತು. ಮಳೆಗಾಲ ಮುಗಿದ ಮೇಲೆ ಕಬ್ಬು ನಾಟಿ ಮಾಡಲೆಂದು ಅದನ್ನು ಖಾಲಿ ಬಿಟ್ಟಿದ್ದರು. ನಮ್ಮ ಕಡೆ ಅಂಥ ಹೊಲದಲ್ಲಿ ರೈತರು ಕುರಿ ಕೂರಿಸುತ್ತಾರೆ. ರಾತ್ರಿ ಹಿಂಡು ಅಲ್ಲಿ ತಂಗಿದರೆ ಗೊಬ್ಬರ ಹೊಲಕ್ಕೆ, ಕಾಳುಕಡಿ ಕುರುಬರಿಗೆ.

"ಈ ಸಲ ಕಾರ್ಖಾನಿ ಗೊಬ್ಬರಕ್ಕ ಹೇಳೇನಲ್ಲ ತಂಗಿ," ಎಂದರು ಜಿನ್ನಪ್ಪಣ್ಣ.

"ಕಾರ್ಖಾನಿ ಗೊಬ್ಬರಕ್ಕ ಕಾಲಿಲ್ಲ, ಅದೆಲ್ಲಿಗೂ ಓಡಿ ಹೋಗೂದಿಲ್ಲ. ನನ್ನ ಪೇಷಂಟಿಗೆ ಕಾಲ ಅದಾವ."

"ನಿನ್ನ ಪೇಷಂಟ ಒಬ್ಬಾಕಿ. ಕುರಿ ಎಷ್ಟು?"

"ಎಲ್ಲಾ," ಎಂದರು ಬಾಯಿ. ಅಣ್ಣ ತಲೆ ಕೆರೆದುಕೊಂಡು ಒಪ್ಪಿದರು. ತಮ್ಮದು ಸಾಲದೆಂದು ಅಕ್ಕಪಕ್ಕದ ಹೊಲದವರನ್ನೂ ಒಪ್ಪಿಸಿದರು. ತಂಗಿಗೆ ಇಲ್ಲ ಎನ್ನುವುದಕ್ಕಿಂತ ಕುರಿ ಕೂರಿಸುವುದು ಹಗುರ ಎಂದು ನನ್ನ ಕಿವಿಯಲ್ಲಿ ಹೇಳಿದರು. ಹೀಗೆ ಆ ವರ್ಷ ಸಿದ್ದಪ್ಪನ ಹಿಂಡು ಮೂಡಲಕ್ಕೆ ಹೋಗದೆ ಇಚಲಕರಂಜಿಯ ಸುತ್ತ ಹೊಲದಿಂದ ಹೊಲಕ್ಕೆ ಸರಿಯುತ್ತ ಉಳಿಯಿತು. ಆ ಕಡೆ ಮಳೆ ಕಡಿಮೆ, ಕುರಿಗಳ ಕಾಲೂ ಕೊಳೆಯಲಿಲ್ಲ.

ಆ ಎರಡು ತಿಂಗಳು ನನ್ನ ಜೀವನದ ಸುಖದ ದಿನಗಳು. ವಾರಕ್ಕೊಮ್ಮೆ ಎಸ್‌ಟಿ ಬಸ್ಸು ಹಿಡಿದು ಬಿಡಾರಕ್ಕೆ ಹೋಗುತ್ತಿದ್ದೆ. ಸಿದ್ದಪ್ಪ ಕಂಬಳಿ ಹಾಸಿ ಕೂರಿಸುತ್ತಿದ್ದ, ಬಾಳವ್ವನ ನೆಗೆಣಿ ಬಿಸಿ ರೊಟ್ಟಿಯ ಮೇಲೆ ಖಾರ ಇಟ್ಟು ಕೊಡುತ್ತಿದ್ದಳು. ಬಾಳವ್ವ ಎಲ್ಲರೆದುರು ನನ್ನ ನಡಿಗೆಯನ್ನು ಅಣಕಿಸುತ್ತಿದ್ದಳು. ಬಟ್ಟೆಯ ಮೇಲಿನ ಗುರುತು ಬೊಟ್ಟಿನಷ್ಟಾಗಿ, ಆಮೇಲೆ ಇಲ್ಲವಾಯಿತು. ತೂತು ಮುಚ್ಚಿತು. ಆದರೂ ಅವಳು ನಂಬಲಿಲ್ಲ, ನಳಿಗೆ ಒಳಗಿರುವವರೆಗೂ ಪೆಟ್ಟಿಗೆ ಮುಟ್ಟುವುದಿಲ್ಲ ಎಂದಳು. ಶ್ರಾವಣ ಮುಗಿಯುವ ಹೊತ್ತಿಗೆ ದೇಶಪಾಂಡೆ ಸರ್ ನಳಿಗೆ ತೆಗೆದರು. ಮತ್ತೆ ಕೆಲವು ದಿನ ಬಿಟ್ಟು ಎಕ್ಸ್‌ರೇ ತೆಗೆಸಿದಾಗ ಔಷಧಿ ಮೇಲಿನಿಂದ ಕೆಳಗೆ ನೇರವಾಗಿ ಇಳಿದಿತ್ತು, ಮೂತ್ರಪಿಂಡದ ಊತವೂ ಇಳಿದಿತ್ತು. ನಾನು ಆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರೆ, "ಇದರಾಗ ನಾ ಎಲ್ಲಿ ಅದೀನ್ರಿ?" ಎಂದು ಕೇಳಿದಳು. ಬಾಯಿ ಅಲ್ಲೇ ಇದ್ದರು. ಅವರ ಕಡೆ ಮಾತ್ರ ನೋಡಲಿಲ್ಲ.

ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಬಂತು. ಬಾಯಿ ಒಪ್ಪೊತ್ತು ಉಂಡು, ಕೊನೆಯ ದಿನ ಪೂರ್ತಿ ಉಪವಾಸವಿದ್ದರು. ಅದು ಮುಗಿದ ಮೇಲೆ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದವರ ಎದುರು ಕೈಮುಗಿದು ಕ್ಷಮೆ ಕೇಳುವ ದಿನ. ಬಾಯಿ ಬೆಳಿಗ್ಗೆಯೇ ಆಸ್ಪತ್ರೆಯ ಸಿಸ್ಟರು, ಕಂಪೌಂಡರು, ಕಸ ಗುಡಿಸುವಾಕೆ, ಎಲ್ಲರಿಗೂ ಕೈಮುಗಿದರು. ನನಗೂ ಮುಗಿದರು. ವರ್ಷದ ಬೈಗುಳವನ್ನೆಲ್ಲ ನೆನೆದು ನಾನು ಧಾರಾಳವಾಗಿ ಕ್ಷಮಿಸಿದೆ. "ಭಾಳ ಶಾಣ್ಯಾಕಿ ಆಗಬ್ಯಾಡ," ಎಂದು ಅಲ್ಲೇ ಹೊಸದೊಂದನ್ನು ಶುರು ಮಾಡಿದರು. ಆಮೇಲೆ, "ಇನ್ನೊಬ್ಬಾಕಿ ಉಳದಾಳ. ನಡಿ," ಎಂದರು.

ಬಿಡಾರ ಅಂದು ಹೊರಡುವ ಗಡಿಬಿಡಿಯಲ್ಲಿತ್ತು. ಹೊಲದ ಸರದಿ ಮುಗಿದಿತ್ತು, ಹಿಂಡು ಕೃಷ್ಣೆಯ ಕಡೆ ಹೊರಟಿತ್ತು. ಬಹಳ ದಿನಗಳ ಮೇಲೆ ಬಿಸಿಲು ಬಿದ್ದಿತ್ತು, ಕಂಬಳಿಗಳೆಲ್ಲ ಬೇಲಿಯ ಮೇಲೆ ಹಬೆಯಾಡುತ್ತಿದ್ದವು. ಕುದುರೆಯ ಮೇಲೆ ದೇವರ ಪೆಟ್ಟಿಗೆ ಆಗಲೇ ಏರಿತ್ತು. ಬಾಳವ್ವ ಅದರ ಹಗ್ಗ ಬಿಗಿಯುತ್ತಿದ್ದಳು. ಅವಳ ಎರಡೂ ಅಂಗೈ ಭಂಡಾರದಿಂದ ಹಳದಿಯಾಗಿದ್ದವು.

ಬಾಯಿ ಅವಳ ಎದುರು ನಿಂತು ಕೈಮುಗಿದರು. "ಬಾಳವ್ವಾ, ಅವತ್ತ ನಾ ಏನು ಮಾಡೇನಿ ಅಂತ ಹೇಳಿದ್ನಿ. ಇವತ್ತ ಕೇಳಾಕ ಬಂದೇನಿ. ನನ್ನಿಂದ ನಿನಗ ಭಾಳ ನೋವಾತು. ಕ್ಷಮಾ ಮಾಡವಾ."

ಸಿದ್ದಪ್ಪ ಗಾಬರಿಯಾಗಿ, "ಏ ಬಾಯಾರ, ಹಂಗ ಕೈ ಮುಗೀಬ್ಯಾಡ್ರಿ," ಎಂದು ಮುಂದೆ ಬಂದ. ಬಾಳವ್ವ ಹಗ್ಗ ಕೈಬಿಟ್ಟಳು. ತಿರುಗಿ ಗುಡಾರದೊಳಕ್ಕೆ ಹೋದಳು. ಬಾಯಿಯ ಮುಗಿದ ಕೈ ಹಾಗೇ ಇತ್ತು. ಮುಗಿಯಿತು, ಇವಳು ಮಾತಾಡುವುದಿಲ್ಲ ಎಂದುಕೊಂಡೆ.

ಅವಳು ಹೊರಗೆ ಬಂದಾಗ ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಬೆಳಗಿದ ಹಿತ್ತಾಳೆ ಲೋಟ. ಬಾಯಲ್ಲಿ ಬಿಳಿ ಬಟ್ಟೆಯ ಮಡಿಕೆಯೊಂದನ್ನು ಕಚ್ಚಿಕೊಂಡಿದ್ದಳು. ನಾವು ಕೊಟ್ಟಿದ್ದ ಗಂಟಿನಲ್ಲಿ ಬಳಸದೆ ಉಳಿದಿದ್ದ ಬಟ್ಟೆ. ಕೆಳಗೆ ಕೂತು, ಅದನ್ನು ಬಿಡಿಸಿ ಲೋಟದ ಬಾಯಿಗೆ ಹಾಸಿ, ಕೊಡ ಬಗ್ಗಿಸಿ ನಿಧಾನವಾಗಿ ನೀರು ಸೋಸಿದಳು. ಆಸ್ಪತ್ರೆಯ ನಳ ನೋಡಿ ನಕ್ಕವಳು ಅವಳೇ.

"ಬಿಸಲಾಗ ಬಂದೀರಿ. ಕುಡೀರಿ ಬಾಯಾರ," ಎಂದಳು. ಎರಡು ತಿಂಗಳ ಮೇಲೆ ದೊಡ್ಡಬಾಯಿಗೆ ಅವಳು ಆಡಿದ ಮೊದಲ ಮಾತು. "ಬ್ಯಾನಿನೂ ಹೋಗೇತ್ರಿ. ಅದನ್ನೂ ನೀವಽ ತಗದೀರಿ."

ಬಾಯಿಯ ತಾಮ್ರದ ತಂಬಿಗೆ ನನ್ನ ಚೀಲದಲ್ಲಿತ್ತು. ಅವರು ಅದರ ಕಡೆ ನೋಡಲಿಲ್ಲ. ಲೋಟ ತೆಗೆದುಕೊಂಡು, ಭಂಡಾರ ಅಂಟಿದ ಅಂಚಿನಲ್ಲೇ ಬಾಯಿಟ್ಟು ತಳ ಕಾಣುವವರೆಗೂ ಕುಡಿದರು. ಅವರ ಕಣ್ಣಲ್ಲಿ ನೀರಿತ್ತು.

ಬಾಳವ್ವ ಬಟ್ಟೆ ಹಿಂಡಿ, ಕೊಡವಿ ಬಾಯಿಯ ಕೈಯಲ್ಲಿಟ್ಟಳು. "ಇದು ನನಗಿನ್ನ ಬ್ಯಾಡ್ರಿ. ನಿಮ್ಮ ನೀರಿಗಿರ್ಲಿ."

ಮರುದಿನ ಬೆಳಿಗ್ಗೆ ಆಪರೇಷನ್‌ಗೆ ಕೈ ತೊಳೆಯಲು ಹೋದಾಗ ಬಾಯಿ ನನಗಿಂತ ಮುಂಚೆ ಬಂದು ನಿಂತಿದ್ದರು. ನಳದ ಬಾಯಿಗೆ ಆ ಬಟ್ಟೆ ಕಟ್ಟಿತ್ತು.